ಶಬ್ದವೂ ಸಭೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಶ್ರೀರಾಂಪುರದಲ್ಲಿ ನೆರೆದ ಸದ್ಭಕ್ತರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಷಟ್‌ಸ್ಥಲದ ಯಾವುದಾದರೊಂದು ಅಂಗವನ್ನು ಕುರಿತು ನಾನು ಮಾತನಾಡುವೆನೆಂದು ತಾವು ನಿರೀಕ್ಷಿಸಿರಬಹುದು. ಆದರೆ ಬುದ್ಧಿಯವರು, "ಶಾಸ್ತ್ರಿಗಳೆ, ಗ್ರಂಥದ ಮಾತು ಇನ್ನೊಂದು ದಿನವಾಗಲಿ, ಈ ಸಾರಿ ನಿಮ್ಮ ಕಿವಿಯ ವಿಚಾರವನ್ನೇ ಹೇಳಿರಿ, ನಾಲ್ಕು ಜನಕ್ಕೆ ಉಪಕಾರವಾದೀತು" ಎಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯನ್ನು ಶಿರಸಾವಹಿಸಿ ನಿಂತಿದ್ದೇನೆ.

ನಮ್ಮ ಆಚಾರವೆಲ್ಲವೂ ಕಿವಿಯನ್ನು ಎಷ್ಟರಮಟ್ಟಿಗೆ ನೆಮ್ಮಿಕೊಂಡಿದೆಯೆಂಬುದನ್ನು ಕಿವಿ ನೆಟ್ಟಗಿರುವವರು ಗಮನಿಸುವುದು ಕಡಮೆ. ದೀಕ್ಷಾಕಾಲದಲ್ಲಿ ಶ್ರೀಗುರುವು ಇಷ್ಟಲಿಂಗವನ್ನು ಕರಸ್ಥಲಕ್ಕೆ ಕೊಡುವನು. ಮಂತ್ರವನ್ನಾದರೋ ಕಿವಿಯಲ್ಲಿಯೇ ಹೇಳುವನು. ಇಂದ್ರಿಯಗಳಲ್ಲಿ ಲಿಂಗಗಳನ್ನು ನೆಲೆಗೊಳಿಸುವಾಗ ನಮ್ಮ ಹಿರಿಯರು ಶ್ರೋತ್ರಕ್ಕೆ ಪ್ರಸಾದಲಿಂಗವನ್ನು ಹೇಳಿ, ಶಬ್ದವೇ ಅದಕ್ಕೆ ಅರ್ಪಿತವಾಗತಕ್ಕ ಪದಾರ್ಥವೆಂದರು. ವಿದ್ವಾಂಸನನ್ನು ಬಹುಶ್ರುತನೆಂದು ಕರೆದರು, ಅಂದರೆ ಬಹಳ ಕೇಳಿದವನು. ಪುರಾಣ, ಪ್ರವಚನ, ವಚನಗಾಯನ, ಭಜನೆ ಇವೆಲ್ಲವೂ ಕಿವಿಯ ಬಾಗಿಲಿನಿಂದ ಬರತಕ್ಕವು. ಆದಕಾರಣ ಕಿವಿಯನ್ನು ಕಳೆದುಕೊಂಡ ಭಕ್ತನು ಮಠದ ನಡುಮನೆಯಲ್ಲಿ ಕುಳಿತಿದ್ದರೂ ಮಠದ ಹೊರಗಿದ್ದಂತೆಯೇ ಸರಿ.

ಕಣ್ಣಿಲ್ಲದವರಿಗಾಗಿ ನಮ್ಮ ಪರಂಪರೆಯು ಮಾಡಿದ್ದು ಅಲ್ಪವಲ್ಲ. ಹಾನಗಲ್ಲ ಕುಮಾರಸ್ವಾಮಿಗಳವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳೂ (೧೮೯೨–೧೯೪೪), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಅಂಧರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧಬಾಲಕರು ಸಂಗೀತವನ್ನು ಕಲಿತು ಅನ್ನವನ್ನೂ ಮರ್ಯಾದೆಯನ್ನೂ ಪಡೆದರು. ಅಲ್ಲಿ ಕಣ್ಣಿನ ಭಾರವನ್ನು ಕಿವಿಯು ಹೊತ್ತಿತು. ಕಿವಿಯ ಭಾರವನ್ನು ಹೊರುವವರಾರು? ಲೋಕವು ಕುರುಡನಿಗೆ ಕೈ ನೀಡುತ್ತದೆ, ಕಿವುಡನನ್ನು ಕಂಡರೆ ನಗುತ್ತದೆ. ನಮ್ಮ ಗಾದೆಗಳನ್ನೂ ನಾಟಕಗಳ ಹಾಸ್ಯಪ್ರಸಂಗಗಳನ್ನೂ ನೆನೆದರೆ ಸಾಕು. ೨೦೧೧ರ ಜನಗಣತಿಯಲ್ಲಿ ಶ್ರವಣದೋಷವುಳ್ಳವರೆಂದು ಲೆಕ್ಕಕ್ಕೆ ಬಂದವರೇ ಈ ದೇಶದಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟಿದ್ದರು. ನಕ್ಕು ಮುಗಿಸುವ ವಿಷಯವಲ್ಲ.

ನನಗೆ ನಲವತ್ತೇಳನೆಯ ವಯಸ್ಸಿನಲ್ಲಿ ಮಿದುಳಿನ ಪೊರೆಗೆ ತಗಲುವ ಜ್ವರ ಬಂದಿತು. ಜ್ವರ ಬಿಟ್ಟಾಗ ಎರಡು ಕಿವಿಗಳೂ ಹೋಗಿದ್ದವು. ಮನೆಯವರ ತುಟಿ ಅಲುಗುತ್ತಿತ್ತು, ಮಾತಿರಲಿಲ್ಲ. ತುಟಿಯನ್ನು ನೋಡಿ ಮಾತನ್ನು ಊಹಿಸುವುದು ಸುಲಭವೆಂದು ಜನರು ತಿಳಿದಿರುತ್ತಾರೆ. ವರ್ಣಗಳ ಉತ್ಪತ್ತಿಸ್ಥಾನಗಳನ್ನು ಪಾಠ ಹೇಳಿದವನಿಗೆ ಅದರ ಕಷ್ಟ ಮೊದಲ ದಿನವೇ ಅರ್ಥವಾಯಿತು. ಪರ, ಬರ, ಮರ ಈ ಮೂರು ಶಬ್ದಗಳನ್ನು ಕನ್ನಡಿಯ ಮುಂದೆ ದನಿಯಿಲ್ಲದೆ ಉಚ್ಚರಿಸಿ ನೋಡಿರಿ. ತುಟಿಗೆ ಮೂರೂ ಒಂದೇ. ಓಷ್ಠ್ಯಗಳು ಕಾಣಿಸುತ್ತವೆ, ಆದರೆ ಒಂದರಿಂದೊಂದು ಬೇರೆಯಾಗುವುದಿಲ್ಲ. ಕಂಠ್ಯಗಳು ಕಾಣಿಸುವುದೇ ಇಲ್ಲ. ಉಳಿದುದನ್ನೆಲ್ಲ ಊಹೆಯಿಂದ ತುಂಬಬೇಕು. ಸಂಜೆಯ ಹೊತ್ತಿಗೆ ಹೊಲ ಉತ್ತವನಂತೆ ದಣಿವಾಗುತ್ತಿತ್ತು.

ದಣಿವಿಗಿಂತ ಹೆಚ್ಚಿನ ನೋವು ಬೇರೆಯದು. ನನ್ನನ್ನು ನೋಡಲು ಬಂದವರು ನನ್ನೆದುರಿಗೇ ಕುಳಿತು ನನ್ನ ಮನೆಯವರನ್ನು, "ಶಾಸ್ತ್ರಿಗಳು ಊಟ ಮಾಡಿದರೆ? ನಿದ್ದೆ ಬರುತ್ತದೆಯೆ?" ಎಂದು ಕೇಳಿ ಎದ್ದು ಹೋಗುತ್ತಿದ್ದರು. ಅವರಲ್ಲಿ ದ್ವೇಷವಿರಲಿಲ್ಲ, ಪ್ರೀತಿಯೇ ಇದ್ದಿತು. ಆದರೂ ಬದುಕಿರುವವನನ್ನು ಪರೋಕ್ಷದಲ್ಲಿ ಮಾತನಾಡಿಸುವ ರೀತಿ ಅದು. ಪಾಠಶಾಲೆಯಲ್ಲಿ ಹುಡುಗನು ಹ್ರಸ್ವವನ್ನು ದೀರ್ಘವಾಗಿ ಎಳೆದರೆ ತಿದ್ದುವವನೇ ಗುರು. ಎಳೆದುದು ತಿಳಿಯದವನು ಆ ಮಣೆಯ ಮೇಲೆ ಕುಳಿತು ಮಾಡತಕ್ಕುದೇನು? ಬುದ್ಧಿಯವರಲ್ಲಿ ಬಿಡುಗಡೆಯನ್ನು ಬೇಡಿ ಮನೆ ಸೇರಿದೆನು.

ನಮ್ಮ ಭಾಗ್ಯವೆಂಬಂತೆ ಈ ವಿದ್ಯೆಯ ದೊಡ್ಡ ಸ್ಥಾನವು ನಮ್ಮ ಮೈಸೂರಿನಲ್ಲಿಯೇ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೫ರಲ್ಲಿ ಸ್ಥಾಪಿತವಾಯಿತು. ಜನರ ಬಾಯಲ್ಲಿ ಅದು 'ಆಯಿಷ್'. ಶ್ರೀ ಜಯಚಾಮರಾಜೇಂದ್ರ ಒಡೆಯರವರು ದಾನ ಮಾಡಿದ ನೆಲದಲ್ಲಿ ೧೯೬೬ನೆಯ ಜುಲೈ ೨೫ರಂದು ಅದರ ಶಂಕುಸ್ಥಾಪನೆಯನ್ನು ಮಾಡಿದವರು ರಾಷ್ಟ್ರಪತಿಗಳಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ಅವರು. ೧೯೧೮ರಲ್ಲಿ ಇದೇ ಊರಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದಿದ್ದವರು ಅವರೇ. ಶ್ರೀರಾಂಪುರದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿರುವ ಈ ಸಂಸ್ಥೆಗೆ ದೂರದ ರಾಜ್ಯಗಳಿಂದ ಮಕ್ಕಳನ್ನೆತ್ತಿಕೊಂಡು ತಾಯಂದಿರು ಬರುತ್ತಾರೆ. ನಮ್ಮವರಲ್ಲಿ ಅನೇಕರು ಅದರ ಬಾಗಿಲನ್ನು ನೋಡಿಲ್ಲ.

ಅಲ್ಲಿ ನನಗೆ ತಿಳಿಯಹೇಳಿದುದನ್ನು ಸಂಕ್ಷೇಪವಾಗಿ ಅರಿಕೆ ಮಾಡುತ್ತೇನೆ. ಒಳಗಿವಿಯಲ್ಲಿ ಬಟಾಣಿಕಾಳಿನಷ್ಟು ಗಾತ್ರದ, ಎರಡೂವರೆ ಸುತ್ತಿನ ಒಂದು ಶಂಖವಿದೆ. ಅದರೊಳಗೆ ಸುಮಾರು ೧೫,೦೦೦ ಸೂಕ್ಷ್ಮವಾದ ರೋಮಕಣಗಳು ನಾದದ ಕಂಪನವನ್ನು ನರಕ್ಕೆ ಮುಟ್ಟಿಸುತ್ತವೆ. ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಣಗಳು ಸತ್ತರೂ ನರವು ಬದುಕಿದ್ದರೆ, ಶಂಖದೊಳಗೆ ವಿದ್ಯುದ್ಬಿಂದುಗಳುಳ್ಳ ತೆಳುವಾದ ತಂತುವನ್ನು ಸೇರಿಸಿ ನರವನ್ನು ನೇರವಾಗಿ ಎಚ್ಚರಿಸಬಹುದು. ಇದಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಎಂದು ಹೆಸರು. ನನಗೆ ಬಂದಂತಹ ಜ್ವರದ ತರುವಾಯ ಶಂಖದೊಳಗೆ ಮೂಳೆ ಬೆಳೆದು ದಾರಿ ಮುಚ್ಚುವ ಸಂಭವವಿರುವುದರಿಂದ ತಡಮಾಡಬಾರದೆಂದರು. ಹಣವೋ ಲಕ್ಷಗಳ ಮಾತು. ಬುದ್ಧಿಯವರೂ ನನ್ನ ಹಳೆಯ ಶಿಷ್ಯರೂ ಅದನ್ನು ಒದಗಿಸಿದರು.

ಈ ತಂತುವಿನ ಕಥೆಯಲ್ಲಿ ಒಂದು ಸ್ವಾರಸ್ಯವುಂಟು. ಆಸ್ಟ್ರೇಲಿಯಾದ ವೈದ್ಯ ಗ್ರೇಮ್ ಕ್ಲಾರ್ಕ್ ಎಂಬವರ ತಂದೆಗೆ ಕಿವಿ ಮಂದವಾಗಿತ್ತು. ಅಂಗಡಿಯಲ್ಲಿ ಔಷಧಿ ಮಾರುತ್ತಿದ್ದ ಆ ತಂದೆಯ ಸಂಕಟವನ್ನು ನೋಡಿ ಬೆಳೆದ ಮಗನು ಈ ವಿದ್ಯೆಗೆ ಇಳಿದನು. ಸುರುಳಿಯ ದಾರಿಯಲ್ಲಿ ತಂತುವನ್ನು ತೂರಿಸುವ ಬಗೆ ತಿಳಿಯದೆ ಇದ್ದಾಗ, ೧೯೭೭ರಲ್ಲಿ ಕಡಲತೀರದಲ್ಲಿ ಕುಳಿತು ಒಂದು ಶಂಖದ ಚಿಪ್ಪಿನೊಳಕ್ಕೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದರು. ಬುಡದಲ್ಲಿ ಗಟ್ಟಿಯಾಗಿದ್ದು ತುದಿಯಲ್ಲಿ ಬಳುಕುವ ಎಸಳು ಸಲೀಸಾಗಿ ಒಳಗೆ ಸುತ್ತಿಕೊಂಡಿತು. ೧೯೭೮ನೆಯ ಆಗಸ್ಟ್ ೧ರಂದು ಮೆಲ್ಬರ್ನಿನಲ್ಲಿ ರಾಡ್ ಸಾಂಡರ್ಸ್ ಎಂಬವರಿಗೆ ಅದನ್ನು ಅಳವಡಿಸಿದರು. ಅಪಘಾತದಲ್ಲಿ ಕಿವಿ ಕಳೆದುಕೊಂಡಿದ್ದ ಅವರಿಗೆ ಪರೀಕ್ಷೆಗಾಗಿ ರಾಷ್ಟ್ರಗೀತೆಯ ಧಾಟಿಯನ್ನು ಕೇಳಿಸಿದಾಗ ಆತನು ತಟ್ಟನೆ ಎದ್ದು ನೆಟ್ಟಗೆ ನಿಂತನಂತೆ. ಆತನಿಗೆ ಮೊದಲು ಬಂದುದು ನಾಲ್ಕು ಜನರೊಡನೆ ಎದ್ದು ನಿಲ್ಲುವ ನೆನಪು. ನನ್ನ ಮನಸ್ಸು ಈ ಪ್ರಸಂಗದಲ್ಲಿ ಮತ್ತೆ ಮತ್ತೆ ನಿಲ್ಲುತ್ತದೆ.

ನನಗೆ ಅಂತಹ ಚಮತ್ಕಾರವಾಗಲಿಲ್ಲ. ಗಾಯ ಮಾಗಿದ ಮೇಲೆ ಯಂತ್ರವನ್ನು ಚಾಲೂ ಮಾಡಿದರು. ತಗಡಿನ ಡಬ್ಬದಲ್ಲಿ ಹುರುಳಿಕಾಳನ್ನು ಅಲ್ಲಾಡಿಸಿದ ಸದ್ದು. ಅದೇ ಮನೆಯವರ ಮಾತೆಂದರು. ಶ್ರವಣತಜ್ಞೆಯಾದ ಹೆಣ್ಣುಮಗಳೊಬ್ಬಳು ಕಾಗದದ ಮೇಲೆ ಬರೆದು ತೋರಿಸಿದಳು: "ಸಾರ್, ದಿನಕ್ಕೆ ಒಂದು ಗಂಟೆ ಯಾರಾದರೂ ನಿಮಗೆ ಓದಿ ಹೇಳಬೇಕು. ನಿಮಗೆ ಬಾಯಿಗೆ ಬರುವ ಪುಸ್ತಕವನ್ನೇ ಓದಲಿ." ಬಾಯಿಪಾಠದ ವಿದ್ಯೆಯನ್ನು ಹೀಯಾಳಿಸುವ ಈ ಕಾಲದಲ್ಲಿ ಅದೇ ನನಗೆ ಔಷಧವಾಯಿತು. ಪಾಠಶಾಲೆಯಿಂದ ಹನ್ನೆರಡು ವರ್ಷದ ವಟುವೊಬ್ಬನು ದಿನವೂ ಸಂಜೆ ಬಂದು ಶೂನ್ಯಸಂಪಾದನೆಯನ್ನು ಓದುವನು. ನಾನು ಪುಸ್ತಕದ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೇಳುವೆನು. ಮೊದಲು ಮಾತ್ರೆಗಳು ತಿಳಿದವು, ಹ್ರಸ್ವವಿದು ದೀರ್ಘವಿದು ಎಂದು. ಆಮೇಲೆ ಸಕಾರ ಶಕಾರಗಳ ಸುಯ್ಲು. ಪಕಾರ ಬಕಾರಗಳು ಬಹಳ ದಿನ ಕಾಡಿದವು. ಒಂದೂವರೆ ತಿಂಗಳಾದ ಮೇಲೆ ಒಂದು ಸಂಜೆ ಪುಸ್ತಕವನ್ನು ಮುಚ್ಚಿಟ್ಟು ಕೇಳುತ್ತಿದ್ದೆನು. ಹುಡುಗನಿಗೆ ಆಟದ ಆತುರ. ನಡುವೆ, "ಒಂದು ಸಾಲು ಬಿಟ್ಟೆಯಲ್ಲಪ್ಪ" ಎಂದೆನು. ಅವನು ನನ್ನ ಮುಖವನ್ನೇ ನೋಡಿ, ಪುಸ್ತಕವನ್ನು ಅಲ್ಲಿಯೇ ಬಿಟ್ಟು, "ಗುರುಗಳಿಗೆ ಕೇಳಿಸಿತು!" ಎಂದು ಪಾಠಶಾಲೆಯವರೆಗೂ ಓಡಿದನು. ಮಾರನೆಯ ವಾರ ಬುದ್ಧಿಯವರು ನನ್ನ ಮಣೆಯನ್ನು ಮರಳಿ ಹಾಕಿಸಿದರು.

ಎಲ್ಲವೂ ಮೊದಲಿನಂತಾಯಿತೆಂದು ಭಾವಿಸಬಾರದು. ನನ್ನ ಶಂಖದೊಳಗಿರುವ ವಿದ್ಯುದ್ಬಿಂದುಗಳು ೨೨ ಮಾತ್ರ. ೧೫,೦೦೦ ರೋಮಕಣಗಳ ಕೆಲಸವನ್ನು ಅವು ಹೇಗೆ ಮಾಡಿಯಾವು? ನಾಗಸ್ವರವು ಇಂದಿಗೂ ಗರಗಸದಂತೆ ಕೇಳುತ್ತದೆ. ದಾಸೋಹದ ಪಂಕ್ತಿಯ ಗದ್ದಲದಲ್ಲಿ ಪಕ್ಕದವರ ಮಾತು ತಿಳಿಯದು. ರಾತ್ರಿ ಯಂತ್ರವನ್ನು ತೆಗೆದಿಟ್ಟರೆ ಪೂರ್ಣ ಮೌನ. ಲಿಂಗಪೂಜೆಗೆ ಅದು ಅನುಕೂಲವೇ ಆಗಿದೆಯೆಂದು ಮನೆಯವರಲ್ಲಿ ಹೇಳಿ ನಗುವುದುಂಟು.

ನನ್ನ ಯಂತ್ರವನ್ನು ಕಂಡು ಮೊದಲು ಮಾತನಾಡಿಸಲು ಬಂದವರು ಮಗ್ಗಗಳ ಸದ್ದಿನ ನಡುವೆ ಮೂವತ್ತು ವರ್ಷ ದುಡಿದ ಶರಣರೊಬ್ಬರು. ಅವರ ತರುವಾಯ ಒಬ್ಬ ತಾಯಿ ಬಂದರು. ಮಗ ಕೊಂಡುಕೊಟ್ಟ ಶ್ರವಣಸಾಧನವನ್ನು ಅವರು ಒಡವೆಗಳ ಜೊತೆಗೆ ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದರು. ಹೀಗೆ ಒಬ್ಬೊಬ್ಬರಾಗಿ ಈಗ ಹನ್ನೊಂದು ಮಂದಿ ಪ್ರತಿ ಸೋಮವಾರ ಸಂಜೆ ಮಠದ ಚಿಕ್ಕ ಕೊಠಡಿಯಲ್ಲಿ ಸೇರುತ್ತೇವೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬಾಯಿ ಹಾಕತಕ್ಕುದಲ್ಲ. ಬೆಳಕು ಮಾತನಾಡುವವರ ಮುಖದ ಮೇಲಿರಬೇಕು. ಕೂಗಬಾರದು, ಕೂಗಿದರೆ ಶಬ್ದ ಒಡೆಯುತ್ತದೆ. ತಿಳಿಯದವರು ಕೈಯೆತ್ತಿ "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿರಿ" ಎನ್ನಬೇಕು. ಈ ಕಡೆಯ ಮಾತನ್ನು ನಾಚಿಕೆಯಿಲ್ಲದೆ ಆಡಲು ಆ ತಾಯಿಗೆ ಮೂರು ತಿಂಗಳು ಹಿಡಿಯಿತು. ಈಗ ಅವರು ಮನೆಯಲ್ಲಿ ಸೊಸೆಗೂ ಮೊಮ್ಮಕ್ಕಳಿಗೂ ಅದನ್ನೇ ಹೇಳುತ್ತಾರೆ, ಮೊಮ್ಮಕ್ಕಳು ಎದುರಿಗೆ ಬಂದು ನಿಂತು ಮಾತನಾಡುತ್ತಾರೆ.

ಎಳೆಯ ತಾಯಂದಿರಲ್ಲಿ ಒಂದು ಅರಿಕೆ. ಹುಟ್ಟಿದ ಕೂಸಿನ ಕಿವಿಯನ್ನು ಅದು ಮಲಗಿರುವಾಗಲೇ ಕೆಲವು ನಿಮಿಷಗಳಲ್ಲಿ ಪರೀಕ್ಷಿಸಬಹುದು. ಹುಟ್ಟುಕಿವುಡಿನಲ್ಲಿ ಈ ಚಿಕಿತ್ಸೆಯು ಎಳವೆಯಲ್ಲಿಯೇ ಆದರೆ ಹೆಚ್ಚು ಫಲಕಾರಿ. ೨೦೧೪ರಿಂದ ಕೇಂದ್ರ ಸರ್ಕಾರದ ಯೋಜನೆಯೊಂದು ಬಡಮಕ್ಕಳಿಗೆ ಇದಕ್ಕಾಗಿ ನೆರವನ್ನು ಕೊಡುತ್ತಿದೆ. "ಮಾತು ತಡವಾಗಿ ಬರುತ್ತದೆ ಬಿಡಿ" ಎಂದು ಕಾಯತಕ್ಕುದಲ್ಲ.

ಆದರೆ ಎಲ್ಲರಿಗೂ ಯಂತ್ರವೇ ಗತಿಯೆಂದು ನಾನು ಹೇಳಲಾರೆ. ಹುಟ್ಟಿನಿಂದ ಕಿವುಡರಾದವರಲ್ಲಿ ಕೈಯಿಂದಲೇ ಸರಸವಾಗಿ ಸಂಭಾಷಿಸುವ ಒಂದು ಸಮಾಜವಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಅವರ ಸಂಜ್ಞಾಭಾಷೆಯನ್ನು ಸಂವಹನದ ಒಂದು ಬಗೆಯೆಂದು ಒಪ್ಪಿದೆ. ಅಂತಹ ಮಗುವೊಂದು ದೀಕ್ಷೆಗೆ ಬಂದರೆ ಕಿವಿಯಲ್ಲಿ ಹೇಳತಕ್ಕ ಮಂತ್ರವನ್ನು ಹೇಗೆ ಮುಟ್ಟಿಸಬೇಕು? ನಿರ್ಣಯವು ಗುರುವರ್ಗಕ್ಕೆ ಸೇರಿದ್ದು. ನನ್ನ ಅಲ್ಪಮತಿಗೆ ತೋರುವುದಿಷ್ಟು: ಲಿಂಗವನ್ನು ಹಿಡಿಯುವ ಕರಸ್ಥಲವೇ ಆ ಮಗುವಿನ ಶ್ರೋತ್ರವೂ ನಾಲಗೆಯೂ ಆಗಿದೆ. ಆರು ಅಕ್ಷರಗಳನ್ನು ಕೈಸಂಜ್ಞೆಯಿಂದ ಉಪದೇಶಿಸಲು ನಮ್ಮಲ್ಲಿ ಒಬ್ಬರಾದರೂ ಕಲಿಯಬೇಕು. ಪಾಠಶಾಲೆಯ ಇಬ್ಬರು ಹುಡುಗರು ಕಲಿಯಲು ಒಪ್ಪಿದ್ದಾರೆ.

ಶ್ರೀಮಠದಲ್ಲಿ ನನ್ನ ಬಿನ್ನಹಗಳು ಎರಡು. ಪ್ರವಚನದ ಸಾರವನ್ನು ಒಂದು ಪುಟದಲ್ಲಿ ಅಚ್ಚು ಮಾಡಿಸಿ ಮುಂಚಿತವಾಗಿ ಹಂಚಬೇಕು. ಪ್ರಾರ್ಥನಾಮಂದಿರದ ನೆಲದ ಸುತ್ತ ಒಂದು ತಂತಿಯ ಬಳೆಯನ್ನು ಹಾಸಿದರೆ, ಧ್ವನಿವರ್ಧಕದ ಮಾತು ಅನೇಕ ಶ್ರವಣಸಾಧನಗಳೊಳಕ್ಕೆ ನೇರವಾಗಿ ಬರುತ್ತದೆ. ಮಂದಿರದ ನೆಲಗೆಲಸವು ಹೇಗೂ ನಡೆಯುತ್ತಿರುವುದರಿಂದ ಈಗಲೇ ಮಾಡಿಸುವುದು ಲೇಸು. ಸೋಮವಾರದ ಕೂಟವು ಸಂಜೆ ನಾಲ್ಕು ಗಂಟೆಗೆ. ಬೀರುವಿನಲ್ಲಿ ಯಂತ್ರವನ್ನಿಟ್ಟಿರುವವರು ಅದನ್ನು ತೆಗೆದುಕೊಂಡು ಬರಬೇಕು, ಬ್ಯಾಟರಿಗಳು ನಮ್ಮಲ್ಲಿವೆ.