ಪೇಟೆಯಲ್ಲಿ ಮಗುವಿನ ಹಟ, ನಮ್ಮ ಮಾತಿನ ಬೆಲೆ

(ಡೊಂಬಿವಲಿಯಲ್ಲಿ ನಡೆದ ಕನ್ನಡ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಪೇಟೆಗೆ ಕರೆದೊಯ್ದ ಮಗು ಹಟಹಿಡಿದು ನೆಲದಲ್ಲಿ ಹೊರಳಾಡುವುದು ಈ ವೇದಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಅದಕ್ಕೆ ಉತ್ತರ ಹೇಳುತ್ತೇನೆ.

ನನ್ನ ಮಗನಿಗೆ ಆಗ ನಾಲ್ಕು ವರ್ಷ. ಕಚೇರಿಯಿಂದ ಲೋಕಲ್ ಗಾಡಿಯಲ್ಲಿ ದಣಿದು ಬಂದವನು ಅವನನ್ನು ಕರೆದುಕೊಂಡು ಫಡಕೆ ರಸ್ತೆಗೆ ಹೋದೆ. ಅಂಗಡಿಯೊಂದರಲ್ಲಿ ಕೀಲಿ ಕೊಡುವ ರೈಲನ್ನು ಕಂಡು ಅವನು ಅಳತೊಡಗಿದ. ಸುತ್ತಲಿನವರು ನೋಡುತ್ತಾರೆಂಬ ಸಂಕೋಚದಿಂದ, "ಸಂಬಳ ಬಂದೊಡನೆ ಕೊಡಿಸುತ್ತೇನೆ" ಎಂದೆ. ಅವನು ನಂಬಿದ. ನಾನು ಮರೆತೆ, ಅವನು ಮರೆಯಲಿಲ್ಲ. ಮುಂದೆ ನಾನು "ನಾಳೆ" ಎಂದಾಗಲೆಲ್ಲ ಅವನ ಅಳು ಇಮ್ಮಡಿಸುತ್ತಿತ್ತು. ಅದನ್ನು ಹಟಮಾರಿತನವೆಂದು ಗದರಿಸಿದೆ. ಇಳಿದದ್ದು ನನ್ನ ಮಾತಿನ ಬೆಲೆ ಎಂಬುದು ಬಹುಕಾಲದ ಮೇಲೆ ಹೊಳೆಯಿತು.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 3ರಿಂದ 5 ವರ್ಷದ 28 ಮಕ್ಕಳೊಡನೆ ನಡೆಸಿ, 2013ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಸೂಚಿಸುತ್ತದೆ. ಒಂದು ಗುಂಪಿನ ಮಕ್ಕಳಿಗೆ ಹೇಳಿದಂತೆ ಒಳ್ಳೆಯ ಬಣ್ಣದ ಕಡ್ಡಿಗಳನ್ನು ತಂದುಕೊಟ್ಟರು; ಇನ್ನೊಂದು ಗುಂಪಿನವರಿಗೆ ಆಸೆ ತೋರಿಸಿ ಬರಿಗೈಯಲ್ಲಿ ಬಂದರು. ಬಳಿಕ ಪ್ರತಿ ಮಗುವಿನೆದುರು ಒಂದು ಮಿಠಾಯಿಯನ್ನಿಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುವುದಾಗಿ ಹೇಳಿದರು. ಮೊದಲ ಗುಂಪಿನವರು ಸರಾಸರಿ 12 ನಿಮಿಷ ಕಾದರು. ಎರಡನೆಯವರು ಕೇವಲ 3 ನಿಮಿಷ. ಮಗುವಿನ ತಾಳ್ಮೆಯಲ್ಲಿ ಹಿರಿಯರ ಸತ್ಯಸಂಧತೆಯ ಪಾಲೂ ಇದೆ.

ಪೇಟೆಯ ಸ್ವರೂಪವೂ ಬದಲಾಗಿದೆ. ಹಿಂದೆ ಕಿರಾಣಿ ಸಾಮಾನೆಲ್ಲ ಅಂಗಡಿಯವರ ಬೆನ್ನ ಹಿಂದಿರುತ್ತಿತ್ತು. ವಾಶಿಯಲ್ಲಿ 2008ರಲ್ಲಿ ಇನಾರ್ಬಿಟ್, ಠಾಣೆಯಲ್ಲಿ 2009ರಲ್ಲಿ ಕೋರಮ್ ಮಾಲ್‌ಗಳು ತೆರೆದವು. ಇಂದಿನ ಸ್ವಸೇವಾ ಮಳಿಗೆಗಳಲ್ಲಿ ಹಣ ಕೊಡುವ ಸಾಲಿನ ಪಕ್ಕದಲ್ಲೇ, ಮಗುವಿನ ಕೈಗೆಟಕುವಂತೆ ಚಾಕೊಲೇಟುಗಳಿರುತ್ತವೆ. ಅಂತಹ ತಿನಿಸುಗಳನ್ನು ಅಲ್ಲಿ ಇಡದಂತೆ ಇಂಗ್ಲೆಂಡಿನ ದೊಡ್ಡ ಮಳಿಗೆಗಳಿಗೆ 2022ರ ಅಕ್ಟೋಬರಿನಿಂದ ಕಾನೂನಿನ ನಿರ್ಬಂಧವಿದೆ. ನಮ್ಮಲ್ಲಿ ಅದೇ ವರ್ಷದ ಜೂನ್‌ನಲ್ಲಿ ಹೊರಟ ಮಾರ್ಗಸೂಚಿಗಳು ಮಕ್ಕಳನ್ನು ಸೆಳೆಯುವ ಜಾಹೀರಾತುಗಳಿಗೆ ಕಡಿವಾಣ ಹಾಕಿವೆ. ಅಂಗಡಿಯ ಕಪಾಟು ಅವುಗಳ ವಿಷಯವಲ್ಲ. ಆ ಹೊಣೆ ನಮ್ಮದೇ.

ಆದ್ದರಿಂದ ಹಸಿದ, ನಿದ್ದೆಗಣ್ಣಿನ ಮಗುವನ್ನು ಪೇಟೆಗೆ ಒಯ್ಯಬಾರದು. ಏನು ಕೊಳ್ಳುತ್ತೇವೆ, ಏನು ಕೊಳ್ಳುವುದಿಲ್ಲ ಎಂಬುದನ್ನು ಹೊರಡುವ ಮುನ್ನವೇ ಹೇಳಬೇಕು. ಅತ್ತರೆ ಹೊಡೆಯದೆ, ಸೋತು ಕೊಡಿಸದೆ, ಬದಿಗೆ ಕರೆದೊಯ್ದು, ಅದರ ಸಮಕ್ಕೆ ಕುಳಿತು ಮೆಲ್ಲನೆ ಮಾತನಾಡಬೇಕು. "ಭಾನುವಾರ ಕೊಡಿಸುತ್ತೇನೆ" ಎಂದರೆ ಭಾನುವಾರವೇ ಕೊಡಿಸಬೇಕು. ಆಗದಿದ್ದರೆ "ಇಲ್ಲ" ಎನ್ನುವುದೇ ಲೇಸು.

ಕೊನೆಯದಾಗಿ, ಹೊರನಾಡಿಗರಾದ ನಮಗೆ ಸಂಬಂಧಿಸಿದ ಮಾತು. ತರಕಾರಿಯವರೊಡನೆ ಮರಾಠಿಯಲ್ಲಿ ನಗುತ್ತ ಚೌಕಾಸಿ ಮಾಡುತ್ತೇವೆ. ಮಗುವನ್ನು ಮಾತ್ರ ಕನ್ನಡದಲ್ಲಿ ಗದರಿಸುತ್ತೇವೆ. "ಮುಟ್ಟಬೇಡ, ಕೇಳಬೇಡ, ಸುಮ್ಮನಿರು" ಇಷ್ಟೇ ಕನ್ನಡ ಅದರ ಕಿವಿಗೆ ಬಿದ್ದರೆ, ಆ ಭಾಷೆಯ ಮೇಲೆ ಒಲವು ಮೂಡುವುದು ಹೇಗೆ? ಅದರ ಬದಲು "ಆರು ನಿಂಬೆಹಣ್ಣು ಎಣಿಸು, ಎಳೆಯ ಬೆಂಡೆಕಾಯಿ ಆರಿಸು" ಎಂದು ಕೆಲಸ ಒಪ್ಪಿಸೋಣ. ಕೈಗೆ ಕೆಲಸವಿದ್ದಾಗ ಹಟಕ್ಕೆ ಬಿಡುವಿರದು; ಸಂಘದ ಕನ್ನಡ ತರಗತಿಗೂ ಅದು ಒಳ್ಳೆಯ ಪೀಠಿಕೆಯಾದೀತು.

ಮಗನೂ ಈಗ ತಂದೆಯಾಗಿದ್ದಾನೆ. ಮಗಳಿಗೆ ಭಾನುವಾರ ಬಲೂನು ಕೊಡಿಸುವುದಾಗಿ ಹೇಳಿದ್ದವನು, ಅಂದು ಜಡಿಮಳೆಯಲ್ಲೂ ಕೊಡೆ ಹಿಡಿದು ಹೊರಟ. ನಾನು ತಡೆಯಲಿಲ್ಲ.