ಇಬ್ಬರ ಪಾಲಿನ ಊಟ

(ಆದಿ ಉಡುಪಿಯ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣ)



ಗರ್ಭಿಣಿ ಸೊಸೆಯ ಬಟ್ಟಲಿಗೆ ಬಿರಿಯಾನಿಯ ಇನ್ನೊಂದು ಸೌಟು ಬಡಿಸಿ, “ಇಬ್ಬರ ಪಾಲು ಉಣ್ಣು ಮಗಳೇ” ಎನ್ನುವುದು ನಮ್ಮ ಮನೆಗಳ ವಾಡಿಕೆ. ಇದು ಪ್ರೀತಿಯೇ, ಸಂಶಯವಿಲ್ಲ. ಆದರೆ ಆಕೆಯ ತೂಕ ಮೊದಲೇ ಹೆಚ್ಚಿದ್ದರೆ ಈ ಪ್ರೀತಿ ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಸಿಸೇರಿಯನ್‌ಗೂ ದಾರಿಯಾಗಬಹುದು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ನೀಡಿದ ಮಾರ್ಗಸೂಚಿಯನ್ನು ವೈದ್ಯರು ಇಂದಿಗೂ ಅನುಸರಿಸುತ್ತಾರೆ. ಅದರಂತೆ, ಒಂದೇ ಮಗುವಿನ ಗರ್ಭದಲ್ಲಿ, ಸಾಮಾನ್ಯ ತೂಕದವರು 11.5ರಿಂದ 16 ಕಿಲೋ ಏರಬೇಕು; ಅಧಿಕ ತೂಕದವರಿಗೆ 7ರಿಂದ 11.5, ಬೊಜ್ಜಿರುವವರಿಗೆ 5ರಿಂದ 9 ಕಿಲೋ ಸಾಕು. ಅಂದರೆ ಏರಿಕೆ ಮಿತವಾಗಿರಬೇಕು, ಇಲ್ಲದಿರಬಾರದು.

ಆದ್ದರಿಂದ ಊಟ ಬಿಟ್ಟು ತೆಳ್ಳಗಾಗುವ ಕಾಲ ಇದಲ್ಲ. ತೂಕ ಇಳಿಯಲೆಂದು ರಮಝಾನಿನ ಉಪವಾಸವನ್ನು ನೆಪ ಮಾಡಿಕೊಳ್ಳುವವರೂ ಇದ್ದಾರೆ. ಗರ್ಭಿಣಿಗೆ ಶರೀಅತ್ ನೀಡಿರುವ ರಿಯಾಯಿತಿಯನ್ನು ಅವರು ಮರೆತರೇ?

ಬಂಗುಡೆ, ಬೂತಾಯಿ ಸಾರಿನಲ್ಲಿರಲಿ, ಎಣ್ಣೆಯಲ್ಲಿ ಬೇಡ. ಹರಿವೆ, ಹೆಸರುಕಾಳು ಹೆಚ್ಚಲಿ; ಅನ್ನ ತುಸು ತಗ್ಗಲಿ; ಶರಬತ್ತು, ಬೇಕರಿ ತಿಂಡಿ ದೂರವಿರಲಿ. ವೈದ್ಯರ ಅಡ್ಡಿಯಿಲ್ಲದಿದ್ದರೆ ದಿನಕ್ಕೆ ಅರ್ಧ ಗಂಟೆ ನಡಿಗೆ. “ಬಸುರಿ ಬೀದಿಯಲ್ಲಿ ನಡೆದರೆ ಜನ ಏನೆಂದಾರು?” ಎಂದು ಅಂಜುವ ಮನೆಗಳನ್ನು ಬಲ್ಲೆ. ಸಹೋದರರೇ, ಸಂಜೆ ಪತ್ನಿಯ ಜೊತೆ ನೀವೇ ನಡೆಯಿರಿ, ಜನ ಸುಮ್ಮನಾಗುತ್ತಾರೆ.

ಅತ್ತೆಯಂದಿರಲ್ಲಿ ಒಂದು ಕೋರಿಕೆ. ಮುಂದಿನ ತಪಾಸಣೆಗೆ ಸೊಸೆಯ ಜೊತೆ ನೀವೂ ಹೋಗಿ. ತಾಯಿ ಕಾರ್ಡಿನಲ್ಲಿ ತೂಕ ಬರೆಯಿಸಿ, ಸಕ್ಕರೆಯ ಪರೀಕ್ಷೆ ಆಯಿತೇ ಎಂದು ವಿಚಾರಿಸಿ. ಇವಳು ಒಟ್ಟು ಎಷ್ಟು ಕಿಲೋ ಏರಬೇಕೆಂದು ವೈದ್ಯರ ಬಾಯಿಂದಲೇ ಕೇಳಿ ಬನ್ನಿ.