ಯಾರ ಮಾತು ಯಾರ ಕಿವಿಗೆ?

(ಹೊಸಪೇಟೆಯಲ್ಲಿ ಮಿಲ್ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ವಾಚನಕೂಟದಲ್ಲಿ ಮಾಡಿದ ಭಾಷಣದ ಪಾಠ)

ಕಾದಂಬರಿಯ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಮೆಟ್ರಿಕ್ಕಿನ ಮೇಲೆ ಓದಿದವನಲ್ಲ. ಕೆಲವು ವರ್ಷ ಮಕ್ಕಳಿಗೆ ಕಾಗುಣಿತ, ಮಗ್ಗಿ ಕಲಿಸಿ, ಈಗ ಪಕ್ಷದ ಕೆಲಸಕ್ಕೆಂದು ಊರೂರು ತಿರುಗುವವನು. ವಿಮರ್ಶಕರ ಭಾಷೆ ನನಗೆ ಬಾರದು. ಆದರೆ ಸೀಮೆಸುಣ್ಣ ಹಿಡಿದ ಕೈ ಇದು. ಆದ್ದರಿಂದ ಇವತ್ತು ಈ ಹಲಗೆಯ ಮೇಲೆ ಚುಕ್ಕೆ ಇಟ್ಟು, ಗೆರೆ ಎಳೆದು, ಕಾದಂಬರಿಯನ್ನು ಓದುವ ಒಂದು ಬಗೆಯನ್ನು ತೋರಿಸುತ್ತೇನೆ.

ಬಗೆ ಬಹಳ ಸುಲಭ. ಪುಸ್ತಕದಲ್ಲಿ ಬರುವ ಪ್ರತಿಯೊಬ್ಬರಿಗೂ ಒಂದು ಚುಕ್ಕೆ ಇಡಿ. ಇಬ್ಬರು ಎದುರೆದುರು ಮಾತನಾಡಿದರೆ ಅವರ ನಡುವೆ ಒಂದು ಗೆರೆ. ಎಷ್ಟು ಸಲ ಮಾತಾಡಿದರೋ ಗೆರೆ ಅಷ್ಟು ದಪ್ಪ. ಇಬ್ಬರು ಕೂಡಿ, ಅಲ್ಲಿಲ್ಲದ ಮೂರನೆಯವರ ಬಗ್ಗೆ ಮಾತಾಡಿದರೆ, ಆ ಮೂರನೆಯವರ ಕಡೆಗೆ ಒಂದು ಚುಕ್ಕಿಗೆರೆ. ಮೊದಲನೆಯದು ಸಂಭಾಷಣೆ, ಎರಡನೆಯದು ಹರಟೆ, ಚಾಡಿ, ಗಾಳಿಮಾತು. ಪುಸ್ತಕ ಮುಗಿಯುವ ಹೊತ್ತಿಗೆ ಹಲಗೆಯ ಮೇಲೆ ಒಂದು ಬಲೆಯೇ ಮೂಡಿರುತ್ತದೆ. ಪಂಡಿತರು ಇದನ್ನು ಜಾಲನಕ್ಷೆ ಎನ್ನುತ್ತಾರೆ.

ಇದು ಹುಟ್ಟಿದ್ದು ಸಾಹಿತ್ಯದಲ್ಲಲ್ಲ. 1932ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬಲ್ಲಿ ಹೆಣ್ಣುಮಕ್ಕಳನ್ನು ಇಟ್ಟಿದ್ದ ಒಂದು ಶಾಲೆಯಿಂದ ಎರಡೇ ವಾರದಲ್ಲಿ 14 ಹುಡುಗಿಯರು ಓಡಿಹೋದರು. ಜೇಕಬ್ ಮೊರೆನೊ ಎಂಬ ವೈದ್ಯ, ಯಾರು ಯಾರೊಡನೆ ಸೇರುತ್ತಾರೆಂಬುದನ್ನು ಚುಕ್ಕೆ ಗೆರೆಗಳಲ್ಲಿ ಬರೆದ. ಓಡುವ ಮನಸ್ಸು ಒಬ್ಬೊಬ್ಬಳ ಗುಣದೋಷಕ್ಕಿಂತ ಹೆಚ್ಚಾಗಿ ಆ ಗೆರೆಗಳ ಮೇಲೆ ಹರಿದಿತ್ತೆಂದು ಅವನು ಹೇಳಿದ. ಮುಂದೆ 1993ರಲ್ಲಿ ಡೊನಾಲ್ಡ್ ನೂತ್ ಎಂಬ ಗಣಕ ವಿಜ್ಞಾನಿ ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ’ ಕಾದಂಬರಿಯ ಪಾತ್ರಗಳನ್ನು ಹೀಗೆಯೇ ಜೋಡಿಸಿ ಪ್ರಕಟಿಸಿದ. ಒಂದೇ ಅಧ್ಯಾಯದಲ್ಲಿ ಕೂಡಿ ಬರುವವರ ನಡುವೆ ಗೆರೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಅದರ ರೂಪದಲ್ಲಿ 77 ಚುಕ್ಕೆ, 254 ಗೆರೆ. 2011ರಲ್ಲಿ ‘ನ್ಯೂ ಲೆಫ್ಟ್ ರಿವ್ಯೂ’ ಎಂಬ ಎಡಪಂಥೀಯ ಪತ್ರಿಕೆಯಲ್ಲಿ ಫ್ರಾಂಕೊ ಮೊರೆಟ್ಟಿ ಎಂಬ ವಿಮರ್ಶಕ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಮಾತಿನ ಬಲೆಯನ್ನು ಬಿಡಿಸಿ ತೋರಿಸಿದ. ಆ ಬಲೆಯಿಂದ ರಾಜ ಕ್ಲಾಡಿಯಸನನ್ನು ಅಳಿಸಿದರೆ ಹೆಚ್ಚೇನೂ ಆಗುವುದಿಲ್ಲ. ಆದರೆ ಹ್ಯಾಮ್ಲೆಟನ ಜೊತೆಗೆ ಅವನ ಗೆಳೆಯ ಹೊರೇಷಿಯೋನನ್ನೂ ಅಳಿಸಿದರೆ ಬಲೆ ಹರಿದು ಚೂರಾಗುತ್ತದೆ. ರಾಜನಿಲ್ಲದೆ ಕಥೆ ನಡೆದೀತು, ಆದರೆ ಮಾತು ಸಾಗಿಸುವವನಿಲ್ಲದೆ ನಡೆಯದು!

ಇದೆಲ್ಲ ದೂರದ ಮಾತಾಯಿತು. ನಮ್ಮ ಮಗ್ಗುಲ ಕಂಪ್ಲಿಗೆ ಬನ್ನಿ. ಕುಮಾರರಾಮನ ಕಥೆ ನಿಮಗೆಲ್ಲ ಗೊತ್ತು. ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಹಾಡಿದ್ದಾನೆ. ಅದನ್ನು ಹಲಗೆಯ ಮೇಲೆ ಇಡೋಣ. ಚೆಂಡು ಹುಡುಕಿಕೊಂಡು ಬಂದ ರಾಮನನ್ನು ಕಿರಿಯ ತಾಯಿ ರತ್ನಾಜಿ ಬಯಸಿದಳು, ಅವನು ಒಪ್ಪಲಿಲ್ಲ. ಅವಳು ಕಂಪಿಲರಾಯನ ಕಿವಿಯಲ್ಲಿ ಸುಳ್ಳು ಹೇಳಿದಳು. ರತ್ನಾಜಿಯಿಂದ ರಾಯನಿಗೆ ಒಂದು ಗೆರೆ. ರಾಯನಿಂದ ಮಂತ್ರಿ ಬೈಚಪ್ಪನಿಗೆ ಒಂದು ಗೆರೆ: ರಾಮನ ತಲೆ ತೆಗೆಸು ಎಂಬ ಆಜ್ಞೆ. ಈಗ ನೋಡಿ, ಎಲ್ಲಿ ಗೆರೆ ಇಲ್ಲ? ತಂದೆಗೂ ಮಗನಿಗೂ ನಡುವೆ ಇಲ್ಲ. ‘ಇದು ನಿಜವೇನಪ್ಪಾ?’ ಎಂದು ತಂದೆ ಮಗನನ್ನು ಒಂದು ಮಾತು ಕೇಳಲಿಲ್ಲ. ಸುಳ್ಳು ಗೆದ್ದದ್ದು ತನ್ನ ಬಲದಿಂದಲ್ಲ, ಆ ಒಂದು ಗೆರೆ ಇಲ್ಲದ್ದರಿಂದ. ರಾಮನ ಜೀವ ಉಳಿದದ್ದು ಹೇಗೆ? ಬೈಚಪ್ಪ ತನಗೆ ಬಂದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸಲಿಲ್ಲ. ಕೊಲ್ಲಿಸಿದೆನೆಂದು ನಂಬಿಸಿ ರಾಮನನ್ನು ಬಚ್ಚಿಟ್ಟ. ಬಲೆಯ ನಡುವೆ ನಿಂತ ಒಬ್ಬ ಮನುಷ್ಯ ‘ನನ್ನಿಂದ ಇದು ಮುಂದೆ ಹೋಗದು’ ಎಂದು ತೀರ್ಮಾನಿಸಿದರೆ ಒಂದು ಜೀವ ಉಳಿಯುತ್ತದೆ.

ಇನ್ನು ಅನಂತಮೂರ್ತಿಯವರ ‘ಸಂಸ್ಕಾರ’. 1965ರಲ್ಲಿ ಬಂದ ಪುಸ್ತಕ. 1970ರಲ್ಲಿ ಸಿನಿಮಾ ಆಯಿತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣವನ್ನು ಸುಡುವವರಾರು ಎಂಬುದೇ ಜಗಳ. ಗೆರೆ ಎಳೆಯುತ್ತ ಹೋಗಿ. ಎದುರು ಮಾತಿನ ಗೆರೆಗಳೆಲ್ಲ ಪ್ರಾಣೇಶಾಚಾರ್ಯರ ಸುತ್ತ ಸೇರುತ್ತವೆ. ಆದರೆ ಚುಕ್ಕಿಗೆರೆಗಳು? ಅವೆಲ್ಲ ಹೋಗಿ ಮುಟ್ಟುವುದು ಹೆಣವನ್ನು! ಬಾಯಿಲ್ಲದ ನಾರಣಪ್ಪನೇ ಎಲ್ಲರ ಬಾಯಲ್ಲಿ. ಚಂದ್ರಿಯ ಚುಕ್ಕೆಯನ್ನು ನೋಡಿ: ಅವಳ ಬಗ್ಗೆ ಆಡುವವರು ಇಡೀ ಅಗ್ರಹಾರ, ಅವಳೊಡನೆ ಆಡುವವರು ಬೆರಳೆಣಿಕೆ. ಯಾರ ಬಗ್ಗೆ ಹೆಚ್ಚು ಮಾತಾಡುತ್ತೇವೋ ಅವರೊಡನೆ ಅತಿ ಕಡಿಮೆ ಮಾತಾಡುತ್ತೇವೆ. ಇದು ಅಗ್ರಹಾರದ ರೀತಿ ಮಾತ್ರವೇ, ಎದೆ ಮುಟ್ಟಿಕೊಂಡು ಹೇಳಿ.

ಈ ನಕ್ಷೆಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಇರುವ ಗೆರೆಯಲ್ಲ, ಇಲ್ಲದ ಗೆರೆ. ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ನೆರವಿನಿಂದ ಚಂದ್ರಿ ರಾತ್ರೋರಾತ್ರಿ ಹೆಣ ಸುಡಿಸಿಬಿಡುತ್ತಾಳೆ. ಅಗ್ರಹಾರಕ್ಕೆ ಅದು ಗೊತ್ತೇ ಇಲ್ಲ. ಮುಗಿದುಹೋದ ಕೆಲಸಕ್ಕೆ ಬ್ರಾಹ್ಮಣರು ಇನ್ನೂ ಶಾಸ್ತ್ರ ಹುಡುಕುತ್ತಿರುತ್ತಾರೆ. ಹೊಲಗೇರಿಯ ಗುಡಿಸಲುಗಳಲ್ಲಿ ಜನ ಜ್ವರದಿಂದ ಸಾಯುತ್ತಿದ್ದಾರೆ, ಪ್ಲೇಗು ಬಂದಿದೆ. ಆ ಸುದ್ದಿಯೂ ಅಗ್ರಹಾರಕ್ಕೆ ಏರುವುದಿಲ್ಲ. ಏಕೆ? ಗೆರೆ ಇಲ್ಲ. ಚಾಡಿ ಹರಿಯಲು ಎಲ್ಲ ದಾರಿಯೂ ತೆರೆದಿದೆ, ಜೀವ ಉಳಿಸುವ ಸುದ್ದಿಗೆ ಒಂದು ದಾರಿಯೂ ಇಲ್ಲ. ಜಾತಿ ಎಂದರೇನು ಎಂದು ಯಾರಾದರೂ ಕೇಳಿದರೆ, ಹಲಗೆಯ ಮೇಲಿನ ಈ ಖಾಲಿ ಜಾಗವನ್ನು ತೋರಿಸಿರಿ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದು. ಒಬ್ಬ ನಾಯಕನನ್ನು ಎತ್ತಿ ಕೂರಿಸದ ಕಾದಂಬರಿ. ಅದರ ನಕ್ಷೆ ಬರೆದರೆ ಒಂದು ನಡು ಇರುವುದಿಲ್ಲ. ಹತ್ತಾರು ಮನೆ, ಹಟ್ಟಿ, ಕೇರಿಗಳ ಗೊಂಚಲು ಇರುತ್ತದೆ. ಆ ಗೊಂಚಲುಗಳನ್ನು ಹೊಲಿಯುವ ದಾರಗಳಲ್ಲಿ ಗಟ್ಟಿಯಾದದ್ದು ಯಾವುದು? ಮನೆಯಿಂದ ಮನೆಗೆ ಕಾಡು ದಾಟುವ ಜೀತದಾಳು ನಾಯಿಗುತ್ತಿ. ಹೆಗ್ಗಡೆಗಳಿಗೆ ಜಮೀನಿದೆ, ದನವಿದೆ; ಆದರೆ ಕಥೆಯನ್ನು ಕಾಲ ಮೇಲೆ ಹೊತ್ತು ನಡೆಯುವವನು ಅವನು.

ಈಗ ಮಿಲ್ಲಿನ ಮಾತಿಗೆ ಬರುತ್ತೇನೆ. ಹ್ಯೂಗೋನ ಕಾದಂಬರಿ 1862ರದು. ಅದರಲ್ಲಿ ಫಾಂಟೀನ್ ಎಂಬ ಬಡ ಹೆಣ್ಣುಮಗಳು ಕರಿಯ ಮಣಿಗಳ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಮದುವೆಯಿಲ್ಲದೆ ಹುಟ್ಟಿದ ಕೂಸನ್ನು ದೂರದ ಊರಿನಲ್ಲಿ ಬಿಟ್ಟಿದ್ದಾಳೆ. ಅವಳಿಗೆ ಬರೆಯಲು ಬಾರದು. ಕಾಗದ ಬರೆದುಕೊಡುವವನಿಂದ ಬರೆಸುತ್ತಾಳೆ. ಅವನು ಕುಡಿದಾಗ ಬಾಯಿ ಬಿಡುತ್ತಾನೆ. ಸುದ್ದಿ ಮದಾಂ ವಿಕ್ಚುರ್ನಿಯೆನ್ ಎಂಬ ಮುದುಕಿಗೆ ಮುಟ್ಟುತ್ತದೆ. ಆಕೆ 35 ಫ್ರಾಂಕ್ ಕೈಯಿಂದ ಖರ್ಚು ಮಾಡಿ ಆ ಊರಿಗೆ ಹೋಗಿ ಮಗುವನ್ನು ಕಣ್ಣಾರೆ ನೋಡಿ ಬರುತ್ತಾಳೆ. ಮೇಲ್ವಿಚಾರಕಿ ಫಾಂಟೀನಳ ಕೈಗೆ 50 ಫ್ರಾಂಕ್ ಇಟ್ಟು, ಯಜಮಾನರ ಹೆಸರು ಹೇಳಿ ಹೊರಗೆ ಹಾಕುತ್ತಾಳೆ. ಯಜಮಾನನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಒಳ್ಳೆಯ ಮನುಷ್ಯನೇ. ಎಣಿಸಿ ನೋಡಿ: ಅವಳನ್ನು ಕೊಂದ ಗೆರೆಗಳು ನಾಲ್ಕೋ ಐದೋ. ಒಂದೇ ಒಂದನ್ನು ಯಾರಾದರೂ ಕಡಿದಿದ್ದರೆ ಸಾಕಿತ್ತು. ಅವಳಿಂದ ಯಜಮಾನನಿಗೆ ಒಂದು ನೇರ ಗೆರೆ ಇದ್ದಿದ್ದರೂ ಸಾಕಿತ್ತು.

ಬಂಧುಗಳೇ, ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಮಿಲ್ಲಿನಲ್ಲಿ ಒಬ್ಬ ತಂಗಿಯನ್ನು ಕೆಲಸದಿಂದ ಬಿಡಿಸಿದರು. ಮಿಲ್ಲಿನ ಹೆಸರು ಬೇಡ. ಅವಳ ಹೆಸರು ಹೇಳಿದರೆ ಅದೇ ಇನ್ನೊಂದು ಗಾಳಿಮಾತಾದೀತು. ರಾತ್ರಿ ಪಾಳಿಯಿಂದ ಅವಳು ಯಾರದೋ ಬೈಕಿನಲ್ಲಿ ಹೋದಳೆಂಬುದೇ ಕಾರಣ. ಆ ಯಾರೋ ಅವಳ ಅಣ್ಣನೆಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವಳು ಊರು ಬಿಟ್ಟಿದ್ದಳು. ಆ ರಾತ್ರಿ ನಾನು ಎದ್ದು ಕೂತು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದೆ. ತೂಕದ ಗುಮಾಸ್ತ, ಹಮಾಲರು, ಚಹದಂಗಡಿ, ಮುಕಾದಮ. ಗೆರೆಗಳು ಕೂಡುವಲ್ಲಿ ಇನ್ನೊಂದು ಚುಕ್ಕೆ ಇಡಬೇಕಾಯಿತು. ಅದು ನಾನು. ಅವಳನ್ನು ಬಿಡಿಸುವ ಎರಡು ದಿನ ಮೊದಲೇ ಚಹದಂಗಡಿಯಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ನಾನು ನಗಲಿಲ್ಲ, ಮುಂದಕ್ಕೆ ಹೇಳಲೂ ಇಲ್ಲ. ಆದರೆ ಹೋಗಿ ಅವಳನ್ನು ಕೇಳಲಿಲ್ಲ. ಅವಳ ಚುಕ್ಕೆಗೂ ನನ್ನ ಚುಕ್ಕೆಗೂ ನಡುವೆ ಗೆರೆ ಇರಲಿಲ್ಲ. ಕಾರ್ಮಿಕರ ಸಂಘಟಕನೆಂದು ಹೇಳಿಕೊಳ್ಳುವವನ ನಕ್ಷೆ ಇದು!

ವ್ಯಾಪಾರಿ ಮಿತ್ರರಿಗೂ ಇದು ಹೊಸತಲ್ಲ. ‘ಅವನ ಅಂಗಡಿ ಮುಳುಗುತ್ತಿದೆಯಂತೆ’ ಎಂದು ಒಬ್ಬ ಅಂದರೆ ಸಾಕು, ಮರುದಿನ ಉದ್ರಿ ನಿಲ್ಲುತ್ತದೆ; ಕೊಟ್ಟವರೆಲ್ಲ ಒಟ್ಟಿಗೆ ಕೇಳಲು ಬರುತ್ತಾರೆ; ಮುಳುಗದಿದ್ದ ಅಂಗಡಿ ನಿಜವಾಗಿಯೂ ಮುಳುಗುತ್ತದೆ. ‘ಅಂತೆ’ ಎಂಬ ಎರಡಕ್ಷರಕ್ಕೆ ಎಷ್ಟು ಅಂಗಡಿಗಳು ಬಲಿಯಾಗಿವೆಯೋ!

ಚಹದಂಗಡಿಯ ಮಾತು ಈಗ ಮೊಬೈಲಿಗೆ ಬಂದಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿ, ದಾರಿಹೋಕನಾದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆಗೆ ದಾಟಿಸಬಹುದೆಂದು ಮಿತಿ ಹಾಕಿತು. ಗೆರೆ ಕಡಿದರೆ ಸುಳ್ಳು ನಿಧಾನವಾಗುತ್ತದೆಂದು ಕಂಪನಿಗೂ ಗೊತ್ತು. ನಾನು ಸೀಮೆಸುಣ್ಣದಲ್ಲಿ ಬರೆದ ನಕ್ಷೆಯನ್ನು ಇಂಥ ಕಂಪನಿಗಳ ಯಂತ್ರಗಳು ಕ್ಷಣದಲ್ಲಿ ಬರೆಯಬಲ್ಲವು. ಯಾರು ಯಾರೊಡನೆ ಮಾತಾಡುತ್ತಾರೆಂಬ ಅರಿವು ದುಡ್ಡಿದ್ದವರ ಕೈಯಲ್ಲಿ ಮಾತ್ರ ಇರಬಾರದು, ದುಡಿಯುವವರಿಗೂ ಬೇಕು. ಆದರೆ ಒಂದು ಎಚ್ಚರಿಕೆ: ಕಾದಂಬರಿಯ ನಕ್ಷೆಯನ್ನು ಗೋಡೆಗೆ ಅಂಟಿಸಿ, ಬದುಕಿರುವವರ ನಕ್ಷೆಯನ್ನು ಬರೆದರೆ, ಕಲಿಯಬೇಕಾದ್ದನ್ನು ಕಲಿತು ಹರಿದುಹಾಕಿ. ಮುಕಾದಮನ ಕೈಗೆ ಸಿಕ್ಕರೆ ಅದೇ ಚಾಡಿಯ ಪಟ್ಟಿಯಾಗುತ್ತದೆ. ನನ್ನ ಹಾಳೆಯನ್ನು ನಾನು ಹರಿದುಹಾಕಿದ್ದೇನೆ.

2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಹಂಪಿ ನಮ್ಮೊಡನೆ ಬಂತು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಸರಕಾರ ಎಳೆಯುವ ಗೆರೆ ಬೇರೆ, ನಾವು ಎಳೆಯುವ ಗೆರೆ ಬೇರೆ. ಸಂಡೂರಿನ ಗಣಿಯವನಿಗೂ ಕಂಪ್ಲಿಯ ಅಕ್ಕಿ ಗಿರಣಿಯವನಿಗೂ ನಡುವೆ ಮಾತಿನ ಗೆರೆ ಉಳಿಯಬೇಕಾದರೆ ಅದನ್ನು ನಾವೇ ಎಳೆಯಬೇಕು. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ವಾಂಸರು ನಮ್ಮ ದೊಡ್ಡ ಕಾದಂಬರಿಗಳಿಗೆಲ್ಲ ಇಂಥ ನಕ್ಷೆ ಬರೆದು, ಜನರೆದುರು ಇಡಲೆಂದು ಕೇಳೋಣ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಮುಂದಿನ ಭಾನುವಾರ ‘ಸಂಸ್ಕಾರ’ವನ್ನು ಇಲ್ಲಿಯೇ ಓದಲು ತೊಡಗೋಣ. ಒಬ್ಬರು ಓದಲಿ, ಒಬ್ಬರು ಗೆರೆ ಎಳೆಯಲಿ. ಪಾಳಿ ಮುಗಿಸಿ ಬರುವಾಗ ಕಿವಿಗೆ ಏನಾದರೂ ಬಿದ್ದರೆ, ಯಾರ ಬಗ್ಗೆ ಬಿತ್ತೋ ಅವರ ಮನೆಯ ಬಾಗಿಲಿಗೆ ಮೊದಲು ಹೋಗಿ. ‘ಏನಮ್ಮಾ, ಹೇಗಿದ್ದೀಯಾ?’ ಎಂದು ಕೇಳಿ. ನಾನು ಅಂದು ಎಳೆಯದೆ ಬಿಟ್ಟ ಗೆರೆ ಅದೊಂದೇ.